ಜಂತಿಯಿಂದ ಇಳಿಸಿದ ಹದಿನೆಂಟು ತೆನೆ

ಇಂಡಿ ಕಚೇರಿಯಲ್ಲಿ ನನ್ನ ಕೊನೆಯ ವಾರ ಉಗ್ರಾಣದ ಚಾರ್ಜು ಕೊಡುವುದರಲ್ಲೇ ಹೋಯಿತು. ನನ್ನ ಜಾಗಕ್ಕೆ ಬಂದ ಸುಜಾತಾ ದಾಸ್ತಾನು ಪುಸ್ತಕ ಹಿಡಿದು ಒಂದೊಂದೇ ಸಾಲು ಓದುವುದು, ನಾನು ವಸ್ತು ತೋರಿಸುವುದು. ಬೆಳೆಗೆ ಎಣ್ಣೆ ಹೊಡೆಯುವ ಪಂಪು ಏಳು, ಅದರಲ್ಲಿ ಎರಡಕ್ಕೆ ನಳಿಕೆ ಇಲ್ಲ. ತಾಡಪತ್ರಿ ನಾಲ್ಕು. ತೂಕದ ಕಲ್ಲು ಒಂದು ಸೆಟ್ಟು, ಅರ್ಧ ಕಿಲೋದ್ದನ್ನು ಕಿಟಕಿಗೆ ಅಡ್ಡ ಇಟ್ಟಿದ್ದೇವೆ. ಹೀಗೆ ಬರುತ್ತಾ ಬರುತ್ತಾ ಮೂಲೆಯಲ್ಲಿ ಹರಿದ ಗೋಣಿಚೀಲ ಹೊದ್ದು ನಿಂತಿದ್ದ ಕಬ್ಬಿಣದ ವಸ್ತುವಿನ ಮುಂದೆ ಅವಳು ನಿಂತಳು.

"ಇದೇನ್ರಿ ಮೇಡಂ?"

"ಗೋವಿನಜೋಳ ಸುಲಿಯೋ ಕೈಯಂತ್ರ. ಹಳೇದು. ದುರಸ್ತಿಗೆ ಯೋಗ್ಯ ಅಂತ ಬರ್ಕೊ."

"ನಡೀತಿತ್ತೇನ್ರಿ?"

"ಇದಲ್ಲ. ಇದರ ಜೋಡಿ ಒಂದು ಸಿಂದಗ್ಯಾಗ ಇತ್ತು. ಅದು ಒಂದು ಸಲ ಚಲೋ ನಡೀತು."

"ಒಂದ ಸಲಾ?" ಎಂದು ಅವಳು ನಕ್ಕಳು. ನಾನು ಮುಂದಿನ ಸಾಲಿಗೆ ಬೆರಳಿಟ್ಟೆ.

ಆ ಒಂದು ಸಲದ ಸಂಗತಿಯನ್ನು ಅವತ್ತೇ ಅವಳಿಗೆ ಹೇಳಬಹುದಾಗಿತ್ತು. ಹೇಳಲಿಲ್ಲ. ಅವಳಂಥ ಹುಡುಗಿಯರು ಈಗ ಈ ಕೆಲಸಕ್ಕೆ ಬರುತ್ತಿದ್ದಾರೆ. ಅವರಿಗೆ ಆದೇಶ, ಸುತ್ತೋಲೆ ಎಲ್ಲ ಮೊಬೈಲಿನಲ್ಲೇ ಸಿಗುತ್ತವೆ. ಸಿಗದೇ ಇರುವುದನ್ನು ಬರೆದಿಡೋಣ ಎಂದು ಕುಳಿತಿದ್ದೇನೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬಿಡುತ್ತೇನೆ, ಅದು ಸೇವಾ ಪುಸ್ತಕದಲ್ಲಿದೆ.

ನನ್ನ ಕೆಲಸ ರೈತ ಮಹಿಳೆಯರಿಗೆ ಬೇಸಾಯದ ತರಬೇತಿ ಕೊಡುವುದು. ಹೆಸರು ಹಲವು ಸಲ ಬದಲಾಯಿತು, ಕೆಲಸ ಅದೇ. ಮೊದಲು ಹಾಕಿದ್ದು ಬಸವನ ಬಾಗೇವಾಡಿ ತಾಲ್ಲೂಕಿನ ಗೊಳಸಂಗಿ ಕಡೆಗೆ. ಹೋದ ಹೊಸದರಲ್ಲಿ ನಾನೊಂದು ದೊಡ್ಡ ಬುದ್ಧಿವಂತಿಕೆ ಮಾಡಿದೆ. ಅಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹಾಗಾದರೆ ಅವತ್ತು ಎಲ್ಲರೂ ಬಿಡುವಾಗಿರುತ್ತಾರೆ ಎಂದು ಲೆಕ್ಕ ಹಾಕಿ ತಿಂಗಳ ನಾಲ್ಕೂ ತರಬೇತಿಯನ್ನು ಸೋಮವಾರಕ್ಕೇ ಹಚ್ಚಿದೆ. ಗುಡಿಯ ಕಟ್ಟೆಯ ಮೇಲೆ ಜಮಖಾನೆ ಹಾಸಿ, ಗೋಡೆಗೆ ಚಿತ್ರಪಟ ತೂಗುಹಾಕಿ ಕುಳಿತರೆ ಗಂಡಸರು ಬಂದು ಕುಳಿತು ಎಲೆ ಅಡಿಕೆ ಹಾಕಿಕೊಂಡರು. ಹೆಂಗಸರ ಸುಳಿವೇ ಇಲ್ಲ. ಕೊನೆಗೆ ಸಗಣಿ ಕೈಯ ಒಬ್ಬ ಮುದುಕಿ ಆ ದಾರಿಯಲ್ಲಿ ಹಾದುಹೋಗುವಾಗ ಕೇಳಿದೆ, "ಯಾಕವ್ವಾ, ಇವತ್ತು ಎತ್ತಿಗೆ ರಜಾ ಅಲ್ಲೇನು? ಯಾರೂ ಬರಲಿಲ್ಲ."

"ಎತ್ತಿಗೆ ರಜಾ ಐತ್ರೀ ಅಕ್ಕೋರ. ನಮಗೆಲ್ಲೈತಿ? ಮನಿ ಸಾರಸೂದು, ಹಾಸಗಿ ಒಗಿಯೂದು, ಎತ್ತಿನ ಮೈ ತೊಳಿಯೂದು, ಎಲ್ಲಾ ಇವತ್ತ. ನೀವೂ ಒಂದ್ ಗ್ವಾಡಿ ಸಾರಸಾಕ ಬರ್ತೀರೇನು?"

ಕಟ್ಟೆಯ ಮೇಲಿದ್ದವರು ಬಿದ್ದು ಬಿದ್ದು ನಕ್ಕರು. ನಾಚಿಕೆಯಾಯಿತು. ಆದರೆ ಅದು ಮನೆಗೆ ಹೋಗಿ ಹೇಳಿಕೊಂಡು ನಾನೂ ನಗಬಹುದಾದ ನಾಚಿಕೆ. ಮುಂದಿನ ತಿಂಗಳಿಂದ ತರಬೇತಿಯನ್ನು ಗುರುವಾರಕ್ಕೆ ಹಾಕಿಕೊಂಡೆ. ಆ ಗುರುವಾರದ ರೂಢಿ ಕೊನೆಯವರೆಗೂ ಉಳಿಯಿತು.

ಅಲ್ಲಿಂದ ಮುದ್ದೇಬಿಹಾಳಕ್ಕೆ ಹೋದೆ. ಅಲ್ಲಿನ ಸಾಹೇಬರು ಮೆದು ಮಾತಿನವರು, ತೋಳು ಸವೆದ ಬಿಳಿ ಅಂಗಿ ಹಾಕುತ್ತಿದ್ದರು. ನಮ್ಮ ಪ್ರವಾಸದ ದಿನಚರಿಯನ್ನು ತಾವೇ ಕೂತು ಓದುತ್ತಿದ್ದರು. ಒಮ್ಮೆ ನನ್ನ ಪುಸ್ತಕ ಮುಚ್ಚಿ ಕೈಗೆ ಕೊಟ್ಟು ಹೇಳಿದರು: "ಬಾಯಾರ, ಇದರಾಗ ನೀವು ಏನ್ ಹೇಳಿ ಬಂದ್ರಿ ಅಂತ ಅಷ್ಟ ಐತಿ. ನಾಳಿಂದ ಏನ್ ನೋಡಿ ಬಂದ್ರಿ ಅಂತ ಬರೀರಿ. ಹೇಳಿದ್ದು ಅವರೂ ಮರೀತಾರ, ನೀವೂ ಮರೀತೀರಿ."

ಅಂದಿನಿಂದ ನನಗೆ ಬರೆಯುವ ಚಟ ಹತ್ತಿತು. ಕಚೇರಿಯ ದಿನಚರಿ ಒಂದು, ನನ್ನದೇ ಒಂದು. ಯಾವ ಬಸ್ಸು ಎಷ್ಟು ತಡ, ಯಾರ ಹೊಲದಲ್ಲಿ ತೊಗರಿಗೆ ಹುಳ, ಯಾರ ಮನೆಯಲ್ಲಿ ಶೇಂಗಾ ಹಿಂಡಿಗೆ ಬೆಳ್ಳುಳ್ಳಿ ಹೆಚ್ಚು, ಎಲ್ಲ ಇದೆ. ಮೂವತ್ತಕ್ಕೂ ಮೀರಿದ ಪುಸ್ತಕಗಳು ಈಗ ಮಂಚದ ಕೆಳಗಿನ ಟ್ರಂಕಿನಲ್ಲಿವೆ. ನಮ್ಮ ಮನೆಯವರು, "ಇವನ್ನ ಓದೋರಿಗೆ ನಿನ್ನ ಹಸಿವಿ ಒಂದು ತಿಳೀತೈತಿ ನೋಡು," ಎಂದು ಚೇಷ್ಟೆ ಮಾಡುತ್ತಾರೆ. ನಿವೃತ್ತಿಯ ಮರುವಾರ ಆ ಪುಸ್ತಕಗಳಲ್ಲಿ ಒಂದು ದಿನ ಹುಡುಕಿದೆ. ಮಾರ್ಚ್ ತಿಂಗಳು, ಗುರುವಾರ, ಸಿಂದಗಿ ತಾಲ್ಲೂಕಿನ ಯಂಕಂಚಿ. ಇದೆ. "ಪ್ರಾತ್ಯಕ್ಷಿಕೆ ಯಶಸ್ವಿ. ಹಾಜರಿ ನಲವತ್ತೆರಡು ಮಹಿಳೆಯರು. ಚಹಾಕ್ಕೆ ಸಕ್ಕರೆ ಹೆಚ್ಚಾಗಿತ್ತು." ಅಷ್ಟೇ. ಚಹಾದ ಸಕ್ಕರೆಯನ್ನು ಬರೆದ ನಾನು ಆ ದಿನ ನೋಡಿದ ಒಂದನ್ನು ಬರೆದಿಲ್ಲ. ಎರಡೂ ಪುಸ್ತಕಗಳಲ್ಲಿ ಇಲ್ಲ.

ಆ ಯಂತ್ರ ಬಂದದ್ದು ನಾನು ಸಿಂದಗಿಯಲ್ಲಿದ್ದಾಗ. ತಾಲ್ಲೂಕಿಗೊಂದರಂತೆ ಕೊಟ್ಟಿದ್ದರು. ಹಸಿರು ಬಣ್ಣ, ನಾಲ್ಕು ಕಾಲು, ಸೊಂಟದೆತ್ತರ. ಮೇಲಿನ ಬಾಯಿಗೆ ಸಿಪ್ಪೆ ಸಮೇತ ತೆನೆ ಇಟ್ಟು ಪಕ್ಕದ ಹಿಡಿಕೆ ತಿರುವಬೇಕು. ಒಳಗಿನ ಎರಡು ಉರುಳೆಗಳು ಸಿಪ್ಪೆಯನ್ನು ಕಚ್ಚಿ ಕೆಳಗೆ ಎಳೆದುಹಾಕುತ್ತವೆ. ಬೆತ್ತಲೆ ತೆನೆ ಹಲ್ಲಿನ ಚಕ್ರಕ್ಕೆ ಹೋಗುತ್ತದೆ. ಕಾಳು ಮುಂದೆ ಬೀಳುತ್ತದೆ, ಬೆಂಡು ಹಿಂದೆ ಬೀಳುತ್ತದೆ. ಕರೆಂಟು ಬೇಡ, ಎಣ್ಣೆ ಬೇಡ. ಹೆಂಗಸರ ಬೆರಳು ನೋಯುವುದು ತಪ್ಪುತ್ತದೆ ಎಂದು ಜೊತೆಗಿನ ಹಾಳೆಯಲ್ಲಿ ಅಚ್ಚಾಗಿತ್ತು. ನಾನು ಅದನ್ನು ನಂಬಿದ್ದೆ. ಸಿಪ್ಪೆ ಸುಲಿಯುವ ಹೆಂಗಸರ ಹೆಬ್ಬೆರಳ ಉಗುರು ಸೀಳಿದ್ದನ್ನು ಎಷ್ಟೋ ಸಲ ಕಂಡಿದ್ದೆ.

ಮೊದಲು ಅದನ್ನು ಆಲಮೇಲಕ್ಕೆ ಒಯ್ದೆವು. ಸುಗ್ಗಿ ಆಗಷ್ಟೇ ಬಂದಿತ್ತು, ತೆನೆ ಹಸಿ. ಹತ್ತು ಸುತ್ತು ತಿರುವುವಷ್ಟರಲ್ಲಿ ಸಿಪ್ಪೆ ಉರುಳೆಗೆ ಸುತ್ತಿಕೊಂಡು ಗಟ್ಟಿಯಾಗಿ ನಿಂತಿತು. ನಮ್ಮ ಜೀಪಿನ ಡ್ರೈವರ್ ದಸ್ತಗೀರ ಬಗ್ಗಿ ನೋಡಿ, "ಮೇಡಮ್ರ, ಇದು ಗೊಂಜಾಳ ಸುಲ್ಯಾಕತ್ತಿಲ್ರಿ. ಮದುಮಗಳಿಗೆ ಸೀರಿ ಉಡಸಾಕತ್ತೈತಿ," ಎಂದ. ಅವನು ಕುಡುಗೋಲಿನಿಂದ ಸಿಪ್ಪೆ ಕೊಯ್ದು ತೆಗೆಯುವ ಹೊತ್ತಿಗೆ ಅಲ್ಲಿದ್ದ ಹೆಂಗಸರು ಒಂದೊಂದು ದಬ್ಬಣ ಹಿಡಿದು, ಸಿಪ್ಪೆ ಸೀಳಿ, ಪಕ್ಕದಲ್ಲಿ ಮೊಣಕಾಲೆತ್ತರ ರಾಶಿ ಒಟ್ಟಿದ್ದರು.

"ನಿಮ್ಮ ಮಶೀನ ನಮ್ಮ ಕೂಡ ಜಿದ್ದಿಗಿ ಬಿದ್ದೈತೇನ್ರಿ ಅಕ್ಕೋರ?" ಎಂದು ಒಬ್ಬಳು ಕೇಳಿದಳು.

ವರದಿಯಲ್ಲಿ ನಾನು "ಪ್ರಗತಿಯಲ್ಲಿದೆ" ಎಂದು ಬರೆದೆ. ಈ ಪದವನ್ನು ಹೊಸಬರು ಬೇಗ ಕಲಿಯುತ್ತೀರಿ. ಏನೂ ಆಗಿಲ್ಲ ಎನ್ನಲು ಬಾಯಿ ಬಾರದಿದ್ದಾಗ ಬರೆಯುವ ಪದ ಅದು.

ಸಿಂದಗಿಯ ಸಾಹೇಬರು ಮುದ್ದೇಬಿಹಾಳದವರಂತಲ್ಲ. ಕೆಟ್ಟವರೂ ಅಲ್ಲ, ಆದರೆ ಮೇಲಿನವರೆಂದರೆ ಬೆವರುತ್ತಿದ್ದರು. ಮಾರ್ಚ್ ಬಂತು. ವರ್ಷದ ಪ್ರಾತ್ಯಕ್ಷಿಕೆಗಳು ಅಷ್ಟರೊಳಗೆ ಮುಗಿಯಬೇಕು. ಜಿಲ್ಲೆಯಿಂದ ದೊಡ್ಡ ಸಾಹೇಬರು ಯಂಕಂಚಿಗೆ ಬಂದು ಯಂತ್ರ ನೋಡುತ್ತಾರೆ ಎಂದು ಫೋನು ಬಂತು. ನಮ್ಮ ಸಾಹೇಬರು ನನ್ನನ್ನು ಕರೆದು, "ಆಲಮೇಲದಾಗ ಆದಂಗ ಆಗಬಾರದು ನೋಡ್ರಿ. ಯಂತ್ರ ನಿಂತಿತು ಅಂದ್ರ ನಿಮ್ಮ ಹೆಸರ ಹೋಗೂದು," ಎಂದರು.

ಯಂತ್ರ ನಿಲ್ಲಬಾರದೆಂದರೆ ಚೆನ್ನಾಗಿ ಒಣಗಿದ, ಸಿಪ್ಪೆ ಸಮೇತ ಇರುವ ತೆನೆ ಬೇಕು. ಮಾರ್ಚ್ ತಿಂಗಳಲ್ಲಿ ಅದನ್ನು ಎಲ್ಲಿಂದ ತರುವುದು? ಊರಿನ ಗೋವಿನಜೋಳವೆಲ್ಲ ದೀಪಾವಳಿಯ ಹಿಂದುಮುಂದೆಯೇ ರಾಶಿಯಾಗಿ ಚೀಲ ಸೇರಿ ಪೇಟೆಗೆ ಹೋಗಿತ್ತು. ಇದು ನನಗೆ ಹೊಳೆದದ್ದು ಆ ದಿನ ಬೆಳಿಗ್ಗೆ, ಯಂತ್ರವನ್ನು ಯಂಕಂಚಿಯ ಶಾಲೆಯ ಅಂಗಳದಲ್ಲಿ ಇಳಿಸಿದ ಮೇಲೆ. ದಸ್ತಗೀರ ಮೂರು ಓಣಿ ತಿರುಗಿ ಬರಿಗೈಲಿ ಬಂದ. ಆಗ ನನಗೆ ನೀಲವ್ವನ ಅಡುಗೆಮನೆಯ ಜಂತಿ ನೆನಪಾಯಿತು.

ನೀಲವ್ವನ ಬಗ್ಗೆ ಹೇಳಬೇಕು. ಅವಳು ನನ್ನ ವಾರಿಗೆಯವಳು, ಊರಿನ ಅಂಚಿನಲ್ಲಿ ಮೂರು ಎಕರೆ. ಗಂಡ ಕಡಿಮೆ ಮಾತಿನವನು. ಗುರುವಾರ ನಾನು ಯಂಕಂಚಿಗೆ ಹೋದಾಗ ಮಧ್ಯಾಹ್ನ ಅವಳ ಮನೆಯಲ್ಲೇ ಡಬ್ಬಿ ಬಿಚ್ಚುತ್ತಿದ್ದೆ. ನನ್ನ ತಣ್ಣನೆಯ ಚಪಾತಿಯನ್ನು ಅವಳು ಎಂದೂ ನನಗೆ ತಿನ್ನಗೊಡಲಿಲ್ಲ. ಅದನ್ನು ತಾನು ತೆಗೆದಿಟ್ಟುಕೊಂಡು ನನಗೆ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದಳು. ಗೋವಿನಜೋಳದ ನುಚ್ಚು ಮಾಡಿದ ದಿನ ಮಜ್ಜಿಗೆ ಸುರಿದು ಕೊಡುತ್ತಿದ್ದಳು. ಅದು ಬೆಳ್ಳಗಿನ ಜವಾರಿ ಗೋವಿನಜೋಳ. ಕಂಪನಿಯ ಬೀಜ ಹಳದಿ, ಗಟ್ಟಿ. ಇದು ಅವರ ಅತ್ತೆಯ ಕಾಲಕ್ಕಿಂತ ಹಿಂದಿನಿಂದ ಅವರ ಮನೆಯಲ್ಲೇ ಬಂದದ್ದು, ಹಲ್ಲಿಗೆ ಮೆತ್ತಗೆ, ಬಾಯಲ್ಲಿ ಹಾಲಿನ ರುಚಿ. ತೊಗರಿ ಹೊಲದ ಬದುವಿನ ಗುಂಟ ನಾಲ್ಕು ಸಾಲು ಅಷ್ಟೇ ಹಾಕುತ್ತಿದ್ದರು. ಊರಲ್ಲಿ ಉಳಿದವರೆಲ್ಲ ಅದನ್ನು ಬಿಟ್ಟು ಬಹಳ ದಿನವಾಗಿತ್ತು.

ಅದರ ಬೀಜವನ್ನು ಅವರು ಚೀಲದಲ್ಲಿಡುವುದಿಲ್ಲ. ಸುಗ್ಗಿಯಲ್ಲಿ ಸುಲಿಯುತ್ತ ಕುಳಿತಾಗ ಒಳ್ಳೆಯ ತೆನೆ ಕೈಗೆ ಬಂದರೆ ಅದರ ಸಿಪ್ಪೆಯನ್ನು ಕೀಳದೆ ತೆಗೆದಿಡುತ್ತಾರೆ. ಆಮೇಲೆ ಆ ತೆನೆಗಳ ಸಿಪ್ಪೆಗೆ ಸಿಪ್ಪೆ ಹೆಣೆದು ಹೆಣ್ಣುಮಕ್ಕಳ ಜಡೆಯಂತೆ ಉದ್ದ ಜಡೆ ಮಾಡಿ ಒಲೆಯ ಮೇಲಿನ ಜಂತಿಗೆ ಕಟ್ಟುತ್ತಾರೆ. ಹೊಗೆಗೆ ಹುಳ ಬರುವುದಿಲ್ಲ. ಮುಂಗಾರಿನ ಮಿರಗದ ಮಳೆ ಬಿದ್ದಾಗ ಇಳಿಸಿ ಬಿತ್ತುತ್ತಾರೆ. ನಾನು ಎಷ್ಟೋ ಗುರುವಾರ ಆ ಜಡೆಯ ಕೆಳಗೇ ಕುಳಿತು ಉಂಡಿದ್ದೆ.

ಒಳಗೆ ಹೋದಾಗ ನೀಲವ್ವ ಹಿಟ್ಟು ನಾದುತ್ತಿದ್ದಳು.

"ನೀಲವ್ವ, ಒಂದು ಕೆಲಸ ಆಗಬೇಕು. ಆ ತೆನಿ ಕೊಡು."

ಅವಳು ತಲೆಯೆತ್ತಿ ಜಂತಿ ನೋಡಿದಳು, ನನ್ನನ್ನು ನೋಡಿದಳು. ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. "ಯಾಕ್ರಿ ಅಕ್ಕೋರ, ಸುಟಗೊಂಡು ತಿಂತೀರೇನು? ಹಲ್ಲ ಮುರೀತಾವ."

"ಮಶೀನಿಗೆ ಬೇಕಾಗ್ಯಾವ. ದೊಡ್ಡ ಸಾಹೇಬ್ರು ಬರಾಕತ್ತಾರ."

"ಅದು ಬೀಜರೀ."

"ಬೀಜ ನಾ ಕೊಡ್ತೇನಿ. ಕಂಪನಿ ಬೀಜ. ಇದರ ಎರಡರಷ್ಟು ಬೆಳೀತೈತಿ."

ಅವಳು ಹಿಟ್ಟಿನ ಕೈಯನ್ನು ಪರಾತದ ಅಂಚಿಗೆ ಒರೆಸಿದಳು. "ನಮ್ಮತ್ತಿ ಕೊಟ್ಟಿದ್ರೀ," ಎಂದಳು, ಮೆಲ್ಲಗೆ.

ಆಗ ನಾನು ನಿಲ್ಲಬಹುದಾಗಿತ್ತು. ಹೊರಗೆ ಜೀಪಿನ ಹಾರ್ನು ಆಯಿತು. ನಾನು ಅಂದೆ, "ಹಂಗಾರ ನಾ ಮರ್ಯಾದಿ ಕಳಕೊಳ್ಳಲಿ ಅಂತೀಯೇನು? ವಾರಾ ವಾರಾ ನಿನ್ನ ಮನಿಗೆ ಬರಾಕಿ ನಾನು."

ಉಂಡ ಮನೆಯಲ್ಲಿ ನಿಂತು, ಉಂಡದ್ದನ್ನೇ ಹಕ್ಕಿನಂತೆ ಮುಂದೆ ಹಿಡಿದೆ. ಈ ಮಾತನ್ನು ಬರೆಯುವಾಗ ಈಗಲೂ ಪೆನ್ನು ನಿಲ್ಲುತ್ತದೆ.

ನೀಲವ್ವ ಕಾಳಿನ ಡಬ್ಬದ ಮೇಲೆ ಹತ್ತಿ ತಾನೇ ಗಂಟು ಬಿಚ್ಚಿದಳು. ಜಡೆ ಬಿಚ್ಚಿ ಹದಿನಾರು ತೆನೆ ನನ್ನ ಚೀಲಕ್ಕೆ ಹಾಕಿ, ಎರಡನ್ನು ಸೆರಗಿನಲ್ಲಿ ಉಳಿಸಿಕೊಂಡಳು. ನಾನು ಅದನ್ನೂ ನೋಡಿದೆ.

"ಅವೆರಡೂ ಕೊಡು ನೀಲವ್ವ. ಐದು ಮಿನಿಟರ ನಡೀಬೇಕು."

ಅವಳು ಕೊಟ್ಟಳು.

ಯಂತ್ರ ನಿಲ್ಲಲಿಲ್ಲ. ಹೊಗೆಯಲ್ಲಿ ಒಣಗಿದ ಸಿಪ್ಪೆ ಕಾಗದದಂತೆ ಚರಚರ ಹರಿದು ಕೆಳಗೆ ಬಿತ್ತು, ಬಿಳಿ ಕಾಳು ತಾಡಪತ್ರಿಯ ಮೇಲೆ ಹಾರಿ ಹಾರಿ ಬಿದ್ದವು. ಚಪ್ಪಾಳೆಯಾಯಿತು. ದೊಡ್ಡ ಸಾಹೇಬರು ಖುಷಿಯಾಗಿ, "ಒಬ್ಬ ರೈತ ಮಹಿಳೆ ತಿರುವಲಿ, ಫೋಟೋ ತೆಗೀರಿ," ಎಂದರು. ನಾನು ಸುತ್ತ ನೋಡಿದೆ. ಹತ್ತಿರ ನಿಂತಿದ್ದವಳು ನೀಲವ್ವ. ಕೈಸನ್ನೆ ಮಾಡಿದೆ. ಅವಳು ತಲೆಯ ಮೇಲೆ ಸೆರಗೆಳೆದುಕೊಂಡು ಬಂದು ಹಿಡಿಕೆ ಹಿಡಿದಳು. ಕೊನೆಯ ಐದಾರು ತೆನೆಗಳನ್ನು ಅವಳ ಕೈಯೇ ತಿರುವಿತು. ಯಂತ್ರದ ಬಾಯಿಗೆ ತೆನೆ ಇಡುತ್ತಿದ್ದ ನನ್ನನ್ನು ಅವಳು ನೋಡಲಿಲ್ಲ, ಫೋಟೋದವನನ್ನೂ ನೋಡಲಿಲ್ಲ. ಕಾಳು ಬೀಳುವ ಕಡೆ ನೋಡುತ್ತಿದ್ದಳು.

ದೊಡ್ಡ ಸಾಹೇಬರು ಒಂದು ಹಿಡಿ ಎತ್ತಿ ಎರಡು ಕಾಳು ಬಾಯಿಗೆ ಹಾಕಿಕೊಂಡು, "ಒಣಗಿದೆ ಚೆನ್ನಾಗಿ," ಎಂದರು. ಹಲ್ಲಿನ ಚಕ್ರಕ್ಕೆ ಸಿಕ್ಕಿ ಅರ್ಧಕ್ಕರ್ಧ ಕಾಳು ಒಡೆದಿದ್ದವು. ಒಡೆದದ್ದನ್ನು ನಾನು ಕಂಡಿದ್ದೆ. ಮೊಳಕೆಯ ಕಣ್ಣು ಎಲ್ಲಿರುತ್ತದೆ, ಅದು ಒಡೆದರೆ ಏನಾಗುತ್ತದೆ ಎಂದು ಹತ್ತಾರು ತರಬೇತಿಗಳಲ್ಲಿ ಪಟ ತೋರಿಸಿ ಹೇಳಿದವಳು ನಾನೇ.

ವಾಪಸು ಬರುವಾಗ ದಸ್ತಗೀರ ಎಂದಿನಂತೆ ನಗಿಸಲಿಲ್ಲ. ದೇವರ ಹಿಪ್ಪರಗಿ ರಸ್ತೆ ಕೂಡಿದ ಮೇಲೆ, "ಮೇಡಮ್ರ, ತಾಡಪತ್ರಿ ಝಾಡಸೋ ಮುಂದ ಆ ನೀಲವ್ವ ಕಾಳ ಆರಿಸ್ಕೋತ ಕುಂತಿದ್ಲರೀ. ನಾನೂ ನಾಲ್ಕ ಆರಿಸಿ ಕೊಟ್ಟೆ," ಎಂದ.

"ಕೋಳಿಗೆ ಇರಬೇಕು," ಎಂದೆ.

ಅವನು ಗೇರು ಬದಲಿಸಿದ.

ಜೂನಿನಲ್ಲಿ ನಾನು ಮಾತಿಗೆ ತಪ್ಪಲಿಲ್ಲ. ಕಂಪನಿ ಬೀಜದ ಪೊಟ್ಟಣ ಒಯ್ದು ನೀಲವ್ವನ ಕೈಗಿಟ್ಟೆ. ಅವಳಿಗಷ್ಟೇ ಅಲ್ಲ, ಅವಳ ಹೊಲದ ಸುತ್ತಲಿನ ಹತ್ತು ಮನೆಗಳಿಗೂ ಕೊಟ್ಟೆ. ನಾನು ಉಪಕಾರ ಮಾಡುತ್ತಿದ್ದೇನೆ ಎಂಬ ಉತ್ಸಾಹ ನನಗೆ. ಬೆಳೆ ಚೆನ್ನಾಗಿಯೇ ಬಂತು. ಅದನ್ನು ಸುಳ್ಳು ಅನ್ನಲಾರೆ. ಹತ್ತೂ ಮನೆಯವರು ಸಂತೋಷಪಟ್ಟರು. ನೀಲವ್ವ ನನ್ನ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು ಒಳಗಿಟ್ಟಳು. ಊಟಕ್ಕೆ ಮೊದಲಿನಂತೆಯೇ ಕರೆದಳು, ಬಿಸಿ ರೊಟ್ಟಿ ಹಾಕಿದಳು. ಜಂತಿಗೆ ಬರಿಯ ಹಗ್ಗ ತೂಗುತ್ತಿತ್ತು. ನಾನು ಗೋಡೆಯ ಕಡೆ ಮುಖ ಮಾಡಿ ಕುಳಿತು ಉಣ್ಣುವುದನ್ನು ರೂಢಿ ಮಾಡಿಕೊಂಡೆ. ಎರಡು ತಿಂಗಳಾದ ಮೇಲೆ, ಗುರುವಾರ ಬಸ್ಸಿನ ವೇಳೆ ಸರಿಹೋಗುವುದಿಲ್ಲ ಎಂದು ನೆವ ಹೇಳಿ ಶಾಲೆಯಲ್ಲೇ ಡಬ್ಬಿ ಬಿಚ್ಚತೊಡಗಿದೆ. ಒಮ್ಮೆ ಅವಳೇ ಬಂದು ಕಿಟಕಿಯಲ್ಲಿ ನಿಂತು, "ನಮ್ಮ ಮನಿ ದೂರಾತೇನ್ರಿ ಅಕ್ಕೋರ?" ಎಂದಳು. ನಾನು ಹಾಜರಿ ಪುಸ್ತಕ ತಿರುವುತ್ತ ನಕ್ಕೆ. ವರ್ಷ ತುಂಬುವುದರೊಳಗೆ ಇಂಡಿಗೆ ವರ್ಗವಾಯಿತು. ಹಗುರಾಯಿತು ಎನಿಸಿತು, ಅದೂ ನಿಜ.

ಆ ಫೋಟೋ ನನ್ನ ಬೆನ್ನು ಬಿಡಲಿಲ್ಲ. ದೊಡ್ಡದು ಮಾಡಿಸಿ ಎಲ್ಲ ತಾಲ್ಲೂಕು ಕಚೇರಿಗಳಿಗೂ ಕಳಿಸಿದ್ದರು. ಇಂಡಿಯಲ್ಲಿ ನನ್ನ ಮೇಜಿನ ಎದುರಿನ ಗೋಡೆಯ ಮೇಲೇ ಅದು. ಕೆಳಗೆ "ಯಂತ್ರದಿಂದ ಶ್ರಮ ಉಳಿತಾಯ: ಸಂತಸದಲ್ಲಿ ರೈತ ಮಹಿಳೆ" ಎಂಬ ಬರಹ. ಬಂದವರು, "ಇದು ಯಾವ ಊರ್ರಿ?" ಎಂದರೆ, "ಸಿಂದಗಿ ಕಡೆದು," ಎನ್ನುತ್ತಿದ್ದೆ. ಅವಳ ಹೆಸರು ಹೇಳುತ್ತಿರಲಿಲ್ಲ.

ಕಾಲ ಬದಲಾಯಿತು. ಈಗ ಪ್ರಾತ್ಯಕ್ಷಿಕೆಯ ಫೋಟೋವನ್ನು ಹೊಲದಲ್ಲೇ ನಿಂತು ಮೊಬೈಲಿನಲ್ಲಿ ತೆಗೆದು ಅಲ್ಲಿಂದಲೇ ಕಳಿಸಬೇಕು. ಯಾವ ಜಾಗ, ಎಷ್ಟು ಗಂಟೆ ಎಂದು ಅದರ ಮೇಲೇ ಬೀಳುತ್ತದೆ. ಹೋಗದೆ ಹೋದೆ ಎನ್ನಲು ಬರುವುದಿಲ್ಲ. ಒಳ್ಳೆಯದೇ. ಆದರೆ ಸುಜಾತಾ, ನನ್ನ ಆ ಫೋಟೋದಲ್ಲಿ ಜಾಗ ನಿಜ, ಗಂಟೆ ನಿಜ, ಯಂತ್ರ ನಡೆದದ್ದೂ ನಿಜ. ಟ್ರ್ಯಾಕ್ಟರಿಗೆ ಹಚ್ಚುವ ರಾಶಿ ಮಶೀನು ಊರೂರಿಗೆ ಬಂದ ಮೇಲೆ ನಮ್ಮ ಕೈಯಂತ್ರಗಳು ಮೂಲೆ ಸೇರಿದವು. ಸಿಂದಗಿಯದು ಯಂಕಂಚಿಯಲ್ಲೇ ಉಳಿದು ಶಾಲೆಯ ಹಿಂದೆ ತುಕ್ಕು ಹಿಡಿದು, ಹುಡುಗಿಯರು ಅದಕ್ಕೆ ಹಗ್ಗದ ಒಂದು ತುದಿ ಕಟ್ಟಿ ಜಿಗಿಯುತ್ತಿದ್ದರು ಎಂದು ಕೇಳಿದೆ. ಒಂದೇ ಸಲ ನಡೆಯಲು ಬಂದಿದ್ದ ಯಂತ್ರ ಅದು. ಆ ಒಂದು ಸಲಕ್ಕೆ ನಾನು ಒಂದು ಮನೆಯ ಬೀಜ ಹಾಕಿದೆ.

ಚಾರ್ಜು ಕೊಟ್ಟ ಮೇಲೆ ಒಂದು ಗುರುವಾರ ಸಿಂದಗಿಯ ಬಸ್ಸು ಹತ್ತಿ ಯಂಕಂಚಿಗೆ ಹೋದೆ. ಕೈಯಲ್ಲಿ ಏನು ಒಯ್ಯಬೇಕೆಂದು ತಿಳಿಯಲಿಲ್ಲ. ಬಾಳೆಹಣ್ಣು ಒಯ್ದೆ. ಹೊರಡುವ ಮುಂಚೆ ನಾಲ್ಕು ಕಡೆ ಬಿಳಿ ಜವಾರಿ ಬೀಜ ಹುಡುಕಿದ್ದೆ. ಗೊಳಸಂಗಿಯಲ್ಲಿ ಪರಿಚಯದವರನ್ನು ಕೇಳಿದೆ, ಮುದ್ದೇಬಿಹಾಳದ ಸಂತೆಯಲ್ಲಿ ಕೇಳಿದೆ. "ಈಗ್ಯಾರ್ ಹಾಕ್ತಾರ್ರಿ ಅದನ್ನ?" ಎಂದರು.

ಮನೆಯ ಮಾಡಿಗೆ ತಗಡಿನ ಪತ್ರಾಸು ಬಂದಿತ್ತು, ಅಡುಗೆಮನೆಯ ಜಂತಿ ಮಾತ್ರ ಹಳೆಯದೇ. ನೀಲವ್ವ ಅಂಗಳದಲ್ಲಿ ಮೊರ ಮುಂದಿಟ್ಟುಕೊಂಡು ಕಾಳು ಆರಿಸುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನೋಡಿದವಳೇ, "ಅಯ್ಯ, ಅಕ್ಕೋರ! ಬಸ್ಸಿನ ವ್ಯಾಳೆ ಸರಿಹೋತೇನ್ರಿ?" ಎಂದಳು. ಮರೆತಿರಲಿಲ್ಲ.

ಮೊರದಲ್ಲಿದ್ದದ್ದು ಬಿಳಿ ಗೋವಿನಜೋಳ.

ನಾನು ನಿಂತಲ್ಲೇ ಕುಕ್ಕರಿಸಿದೆ. ಪಕ್ಕದಲ್ಲಿ ಸಿಪ್ಪೆ ಬಿಡಿಸಿದ ತೆನೆ ಬಿದ್ದಿತ್ತು. ಕೈಗೆತ್ತಿಕೊಂಡೆ. ಬಿಳಿ ಸಾಲುಗಳ ನಡುವೆ ಅಲ್ಲೊಂದು ಇಲ್ಲೊಂದು ಹಳದಿ ಕಾಳು, ಯಾರೋ ಬೇರೆಯವರ ಹಲ್ಲು ಕೂಡಿಸಿದಂತೆ.

"ಇದು ಹ್ಯಾಂಗ ಉಳೀತು ನೀಲವ್ವ?"

"ಅವತ್ತು ಒಡೀಲಾರದ್ದು ಎರಡ್ ಹಿಡಿ ಸಿಕ್ಕಿತ್ರಿ. ಹುಟ್ಟಿದ್ದು ಅದರಾಗ ಅರ್ಧ. ಹುಟ್ಟಿತಲ್ಲ ಅಂತ ಖುಷಿ ಪಟ್ಟೆ, ತೆನಿ ಸುಲದ ನೋಡತೇನಿ, ಮೈತುಂಬ ಹಳದಿ. ಸುತ್ತ ಮುತ್ತ ಎಲ್ಲಾ ನಿಮ್ಮ ಬೀಜ ಇತ್ತಲ್ರಿ. ಗಾಳಿಗೆ ಅದರ ತುರಾಯಿ ಧೂಳಿ ನಮ್ಮದಕ್ಕ ಬಂದು ಬಿತ್ತು."

"ಆಮೇಲೆ?"

"ಆಮ್ಯಾಲೇನು? ಹಳದಿ ಆರಿಸಿ ಎಮ್ಮಿಗೆ, ಬಿಳಿ ಅಷ್ಟ ಬೀಜಕ್ಕ. ಮರು ವರ್ಷ ಎಲ್ಲಾರೂ ಬಿತ್ತಿ ಹದಿನೈದು ದಿನಾ ಆದ ಮ್ಯಾಲೆ ನಾ ಬಿತ್ತಿದೆ. ಅವರ ತುರಾಯಿ ಒಣಗಲಿ, ಆಮ್ಯಾಲೆ ನಮ್ಮ ತೆನಿ ರೇಷ್ಮಿ ಬಿಡಲಿ ಅಂತ. ಕಡಿಮಿ ಆತು. ಪೂರ್ತಿ ಹೋಗಂಗಿಲ್ರಿ. ಯಾರರ ಒಬ್ಬರು ತಡಾ ಮಾಡಿ ಬಿತ್ತೇ ಬಿತ್ತತಾರ. ವರ್ಷಾ ಆರಸೂದ."

ಬಿತ್ತನೆಯ ವೇಳೆ ಬೇರೆ ಮಾಡಿ ಬೀಜ ಕಲಬೆರಕೆಯಾಗದಂತೆ ಕಾಯುವುದು ನಮ್ಮ ತರಬೇತಿ ಪುಸ್ತಕದಲ್ಲಿ ಒಂದು ಪುಟದ ಪಾಠ. ನಾನು ಅದನ್ನು ಪರೀಕ್ಷೆಗೆ ಓದಿ ಪಾಸಾದವಳು. ಹತ್ತು ಮನೆಗೆ ಪೊಟ್ಟಣ ಹಂಚುವಾಗ ಆ ಪುಟ ನೆನಪಾಗಿರಲಿಲ್ಲ.

"ಹಿಂಗ ತಡಾ ಬಿತ್ತಬೇಕು ಅಂತ ಯಾರು ಹೇಳಿಕೊಟ್ರು?" ಎಂದೆ.

"ಯಾರ್ ಹೇಳಬೇಕ್ರಿ? ನೋಡಿದೆ," ಎಂದಳು.

ಮುದ್ದೇಬಿಹಾಳದ ಸಾಹೇಬರ ಅಂಗಿಯ ಸವೆದ ತೋಳು ಕಣ್ಣ ಮುಂದೆ ಬಂತು.

ಇಷ್ಟು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಆಗ ಹೇಳಿದೆ. "ನೀಲವ್ವ, ಅವತ್ತು ನಂದು ದೊಡ್ಡ ತಪ್ಪಾತು. ಕಡೀಕ ಆ ಎರಡು ತೆನಿನರ ನಿನ್ನ ಸೆರಗಿನ್ಯಾಗ ಬಿಡಬೇಕಾಗಿತ್ತು. ಬಿಡಲಿಲ್ಲ."

ಅವಳು ಪರವಾಗಿಲ್ಲ ಎನ್ನಲಿಲ್ಲ. ನನ್ನ ಕೈಯಲ್ಲಿದ್ದ ತೆನೆಯನ್ನು ತೆಗೆದುಕೊಂಡು ಪಕ್ಕಕ್ಕಿಟ್ಟಳು.

"ಆ ಎರಡು ಬಿಟ್ಟಿದ್ರ ಸಾಕಿತ್ತರೀ," ಎಂದಳು. ನನ್ನ ಮುಖ ನೋಡಿ, "ಕಣ್ಣ ಚಲೋ ಅದಾವೇನ್ರಿ ನಿಮ್ಮವು?"

"ಚಸ್ಮಾ ಐತಿ. ಕಾಣತೈತಿ."

"ಹಂಗಾರ ಹಳದಿ ಆರಸ್ರಿ." ಮೊರವನ್ನು ನನ್ನ ಮುಂದೆ ತಳ್ಳಿದಳು. ತಾನು ಎದ್ದು ರೊಟ್ಟಿಗೆ ಹಿಟ್ಟು ನಾದಲು ಒಳಗೆ ಹೋದಳು.

ಬಿಸಿಲು ಕಟ್ಟೆ ಹತ್ತುವವರೆಗೆ ಆರಿಸಿದೆ. ಕೆಲವು ಕಾಳು ಹಳದಿಯೋ ಬಿಳಿಯೋ ತಿಳಿಯುವುದಿಲ್ಲ, ನೆರಳಿಗೆ ಒಂದು ಬಣ್ಣ, ಬಿಸಿಲಿಗೆ ಒಂದು ಬಣ್ಣ. ಒಂದೊಂದನ್ನೂ ಎತ್ತಿ ಹಿಡಿದು ನೋಡಿ ನೋಡಿ ಇಟ್ಟೆ. ಮುಗಿಯಿತು ಎಂದು ಕರೆದೆ. ನೀಲವ್ವ ಬಂದು ಎದುರಿಗೆ ಕುಳಿತು ಮೊರವನ್ನು ಒಂದೇ ಸಲ ಕೊಡವಿ, ಕಾಳನ್ನು ಅಂಗೈಯಿಂದ ಹರಡಿ ನೋಡಿದಳು. ನಾನು ಆರಿಸಿ ಬಿಟ್ಟಿದ್ದರಲ್ಲಿ ಮೂರು ಹಳದಿ ಕಾಳು ಹೆಕ್ಕಿದಳು. ನನ್ನ ಕೈ ಹಿಡಿದು ಬಿಚ್ಚಿ ಅದರಲ್ಲಿಟ್ಟಳು.

"ಇವೂ ನಿಮ್ಮವರೀ," ಎಂದಳು. "ಏಳ್ರಿ, ರೊಟ್ಟಿ ಆರತಾವ. ಬರೂ ಸುಗ್ಗಿಗೂ ಬರ್ರಿ, ಹಳದಿ ಮತ್ತ ಬಂದಿರ್ತಾವ."

ಒಳಗೆ ಹೋಗಿ ಜಂತಿಯ ಕೆಳಗೆ ನನ್ನ ಹಳೆಯ ಜಾಗದಲ್ಲೇ ಕುಳಿತೆ. ಅಲ್ಲಿ ಹೊಸ ಜಡೆ ತೂಗುತ್ತಿತ್ತು. ಗೋಡೆಯ ಕಡೆ ತಿರುಗದೆ ಅದನ್ನು ನೋಡುತ್ತಲೇ ಉಂಡೆ. ಮೂರು ಕಾಳು ಎಡಗೈಯ ಮುಷ್ಟಿಯಲ್ಲೇ ಇದ್ದವು.